50 ಮಿಲಿಮೀಟರ್ ಮಸೂರಕ್ಕೆ ಎಷ್ಟು ಕಾಣುತ್ತದೆ?

ಕ್ಯಾಮೆರಾದ ಮಸೂರದ ಸುತ್ತ ಬರೆದಿರುವ 18, 35, 50, 300 ಮೊದಲಾದ ಅಂಕಿಗಳು ಆ ಮಸೂರಕ್ಕೆ ಎಷ್ಟು ಅಗಲದ ದೃಶ್ಯ ಕಾಣುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಅವು ತಿಳಿಸುವುದು ಒಂದು ದೂರವನ್ನು ಮಾತ್ರ: ಬಹುದೂರದ ವಸ್ತುವಿನಿಂದ ಹೊರಟ ಬೆಳಕಿನ ಕಿರಣಗಳು ಮಸೂರವನ್ನು ಹಾದು ಎಷ್ಟು ಮಿಲಿಮೀಟರ್ ಆಚೆಗೆ ಒಂದು ಬಿಂದುವಿನಲ್ಲಿ ಕೂಡುತ್ತವೆ ಎಂಬುದನ್ನು. ಶಾಲೆಯ ಪಠ್ಯಗಳು ಇದನ್ನು ಸಂಗಮದೂರ ಎನ್ನುತ್ತವೆ. ಕೃಷ್ಣೆಯೂ ಪಂಚಗಂಗೆಯೂ ನರಸೋಬಾವಾಡಿಯಲ್ಲಿ ಕೂಡುವುದನ್ನು ಕಂಡು ಬೆಳೆದ ಶಿರೋಳ ತಾಲ್ಲೂಕಿನ ಓದುಗರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಿರಣಗಳು ಕೂಡುವ ಆ ಜಾಗದಲ್ಲಿ ಬಿಂಬವನ್ನು ಹಿಡಿದುಕೊಳ್ಳಲು ಇಟ್ಟಿರುವ ಹಲಗೆ ಎಷ್ಟು ದೊಡ್ಡದು ಎಂಬುದು ಗೊತ್ತಾಗುವವರೆಗೆ ಸಂಗಮದೂರದಿಂದ ನೋಟದ ಹರವು ತಿಳಿಯಲಾರದು. ಡಿಜಿಟಲ್ ಕ್ಯಾಮೆರಾದಲ್ಲಿ ಆ ಹಲಗೆಯೇ ಸೆನ್ಸರ್, ಎಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳ ಸಿಲಿಕಾನ್ ಬಿಲ್ಲೆ. ಅದು ಎಲ್ಲ ಕ್ಯಾಮೆರಾಗಳಲ್ಲಿ ಒಂದೇ ಅಳತೆಯದ್ದಾಗಿಲ್ಲದ ಕಾರಣ ಒಂದೇ ಮಸೂರ ಬೇರೆ ಬೇರೆ ಕ್ಯಾಮೆರಾಗಳ ಮೇಲೆ ಬೇರೆ ಬೇರೆ ಅಗಲದ ಚಿತ್ರವನ್ನು ಕೊಡುತ್ತದೆ.

ಈ ಸಂಬಂಧವನ್ನು ಕಣ್ಣಾರೆ ತಿಳಿಯಲು ಖಿದ್ರಾಪುರದ ಕೋಪೇಶ್ವರ ದೇವಾಲಯಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಕೃಷ್ಣೆಯ ದಡದ, ಕನ್ನಡ ಶಾಸನಗಳನ್ನು ಇಟ್ಟುಕೊಂಡಿರುವ ಈ ಗುಡಿಯ ಸ್ವರ್ಗಮಂಟಪದ ನಡುಮಾಡು ದುಂಡಗೆ ತೆರೆದಿದೆ. ಅದರ ಸರಿ ಕೆಳಗೆ ಅದಕ್ಕೆ ಹೊಂದುವಂತೆ ದುಂಡಗಿನ ಕಲ್ಲುಹಾಸು ಇದೆ. ಸುತ್ತ 12 ಕಂಬಗಳ ವರ್ತುಲ ನಿಂತಿದೆ. ಆ ಹಾಸಿನ ಮೇಲೆ ನಿಂತು ತಲೆಯೆತ್ತಿದವರಿಗೆ ಆಕಾಶದ ಒಂದು ತುಂಡು ಕಾಣುತ್ತದೆ. ಅವರೇ ಹಾಸಿನ ಮೇಲೆ ಮಲಗಿ ನೋಡಿದರೆ ಕಣ್ಣು ತೆರಪಿನಿಂದ ದೂರ ಸರಿದಿರುವುದರಿಂದ ಕಾಣುವ ಆಕಾಶ ಕಿರಿದಾಗುತ್ತದೆ. ಕಣ್ಣು ಇದ್ದಲ್ಲಿಯೇ ಇದ್ದು ತೆರಪಿನ ಅಂಚಿಗೆ ಸುತ್ತಲೂ ಒಂದು ಸಾಲು ಕಲ್ಲು ಕೂಡಿಸಿ ಅದನ್ನು ಕಿರಿದುಗೊಳಿಸಿದ್ದರೂ ಅದೇ ಆಗುತ್ತಿತ್ತು. ಕ್ಯಾಮೆರಾದೊಳಗೆ ಸೆನ್ಸರಿನ ಅಳತೆ ಎಂಬುದು ಈ ತೆರಪಿನ ಅಳತೆ, ಸಂಗಮದೂರ ಎಂಬುದು ತೆರಪಿಗೂ ಕಣ್ಣಿಗೂ ಇರುವ ಅಂತರ. ಎರಡರಲ್ಲಿ ಯಾವುದು ಬದಲಾದರೂ ನೋಟದ ಹರವು ಬದಲಾಗುತ್ತದೆ, ಎರಡೂ ಒಂದೇ ಪ್ರಮಾಣದಲ್ಲಿ ಬದಲಾದರೆ ಹರವು ಹಾಗೆಯೇ ಉಳಿಯುತ್ತದೆ. ಕ್ರಾಪ್ ಸೆನ್ಸರ್, ಎಂದರೆ ಚಿಕ್ಕ ಅಳತೆಯ ಸೆನ್ಸರ್, ಕುರಿತು ನಡೆಯುವ ಚರ್ಚೆಯ ಬಹುಭಾಗ ಈ ಒಂದು ವಾಕ್ಯದ ವಿಸ್ತರಣೆಯೇ ಆಗಿದೆ.

ಪ್ರಚಲಿತ ಅಳತೆಗಳಲ್ಲಿ ಫುಲ್ ಫ್ರೇಮ್ ಎನ್ನುವುದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಸೆನ್ಸರ್. ಅದಕ್ಕಿಂತ ಚಿಕ್ಕದಾಗಿ, ಹೆಚ್ಚಿನ ಹವ್ಯಾಸಿಗಳ ಕೈಯಲ್ಲಿರುವುದು ಎಪಿಎಸ್-ಸಿ ಎಂಬ ಅಳತೆ: ನಿಕಾನ್, ಸೋನಿ, ಫ್ಯೂಜಿ ಕ್ಯಾಮೆರಾಗಳಲ್ಲಿ ಸುಮಾರು 23.5 × 15.6 ಮಿ.ಮೀ., ಕೆನಾನ್‌ನಲ್ಲಿ ಇನ್ನೂ ತುಸು ಕಡಿಮೆಯಾಗಿ ಸುಮಾರು 22.3 × 14.9 ಮಿ.ಮೀ. ಒಲಿಂಪಸ್ ಮತ್ತು ಪ್ಯಾನಸಾನಿಕ್ 2008ರಲ್ಲಿ ತಂದ ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿಯಲ್ಲಿ ಅದು 17.3 × 13 ಮಿ.ಮೀ. ಫುಲ್ ಫ್ರೇಮಿನ ಕರ್ಣವನ್ನು, ಎಂದರೆ ಮೂಲೆಯಿಂದ ಮೂಲೆಗಿರುವ ಅಳತೆಯನ್ನು, ಚಿಕ್ಕ ಸೆನ್ಸರಿನ ಕರ್ಣದಿಂದ ಭಾಗಿಸಿದಾಗ ಬರುವ 1.5, 1.6, 2 ಎಂಬ ಸಂಖ್ಯೆಗಳೇ ಕ್ರಾಪ್ ಫ್ಯಾಕ್ಟರ್ ಎಂದು ಹೆಸರಾಗಿವೆ.

ಈ ಸಂಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ತ್ರೈರಾಶಿಯಿಂದ ಲೆಕ್ಕ ಹಾಕುವುದು ಹೆಚ್ಚು ಉಪಯುಕ್ತ; 12ನೇ ಶತಮಾನದ ರಾಜಾದಿತ್ಯ ತನ್ನ ವ್ಯವಹಾರಗಣಿತದಲ್ಲಿ ಕನ್ನಡದಲ್ಲಿಯೇ ವಿವರಿಸಿದ ಈ ಲೆಕ್ಕ ಇಲ್ಲಿಯೂ ಸಾಲುತ್ತದೆ. ವಸ್ತುವಿನ ಎತ್ತರಕ್ಕೂ ಅದು ಇರುವ ದೂರಕ್ಕೂ ಯಾವ ಪ್ರಮಾಣವಿದೆಯೋ ಸೆನ್ಸರಿನ ಮೇಲಿನ ಬಿಂಬದ ಎತ್ತರಕ್ಕೂ ಸಂಗಮದೂರಕ್ಕೂ ಅದೇ ಪ್ರಮಾಣವಿರುತ್ತದೆ, ಏಕೆಂದರೆ ಮಸೂರದ ಮುಂದಿನ ತ್ರಿಭುಜವೂ ಹಿಂದಿನ ತ್ರಿಭುಜವೂ ಸಮರೂಪವಾದವು. ದಾನೋಳಿಯ ನೆರೆಯಲ್ಲಿರುವ ಕುಂಭೋಜದ ಬಾಹುಬಲಿ ಕ್ಷೇತ್ರದಲ್ಲಿ 28 ಅಡಿ ಎತ್ತರದ ಅಮೃತಶಿಲೆಯ ಬಾಹುಬಲಿ ಮೂರ್ತಿ ಇದೆ. ಕ್ಯಾಮೆರಾವನ್ನು ನಿಲುವಾಗಿ ಹಿಡಿದು, 50 ಮಿ.ಮೀ. ಮಸೂರದಿಂದ, ಪಾದದಿಂದ ಮುಡಿಯವರೆಗೆ ಮೂರ್ತಿಯನ್ನು ಚೌಕಟ್ಟಿನಲ್ಲಿ ಕೂಡಿಸಬೇಕಾದರೆ ಎಷ್ಟು ದೂರ ನಿಲ್ಲಬೇಕು? 28ನ್ನು 50ರಿಂದ ಗುಣಿಸಿ ಸೆನ್ಸರಿನ ಉದ್ದದಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಸುಮಾರು 39 ಅಡಿ, ಎಪಿಎಸ್-ಸಿ ಕ್ಯಾಮೆರಾಕ್ಕೆ ಸುಮಾರು 60 ಅಡಿ, ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಕ್ಕೆ ಸುಮಾರು 81 ಅಡಿ. ಎಪಿಎಸ್-ಸಿ ಕ್ಯಾಮೆರಾದ ಮೇಲೆ 50ರ ಬದಲು 35 ಮಿ.ಮೀ. ಮಸೂರ ಹಾಕಿದರೆ ದೂರ ಸುಮಾರು 42 ಅಡಿಗೆ ಇಳಿದು, ಫುಲ್ ಫ್ರೇಮಿನ ಮೇಲಿನ 50ಕ್ಕೆ ಬಹುಮಟ್ಟಿಗೆ ಸರಿಯಾಗುತ್ತದೆ. ಪಾದಪೀಠದ ಎತ್ತರವನ್ನೂ ಮೂರ್ತಿಯ ಸುತ್ತ ಬಿಡಬೇಕಾದ ತೆರಪನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು. ಆದರೆ ಲೆಕ್ಕದ ಹಾದಿ ಅದೇ.

ಇಲ್ಲಿ ಒಂದು ತಪ್ಪು ಮಾತನ್ನು ತಿದ್ದಬೇಕಾಗಿದೆ. ಕ್ರಾಪ್ ಸೆನ್ಸರಿನ ಮೇಲೆ 50 ಮಿ.ಮೀ. ಮಸೂರ 75 ಮಿ.ಮೀ. ಆಗುತ್ತದೆ ಎಂದು ಅಂಗಡಿಗಳಲ್ಲಿಯೂ ಸ್ಟುಡಿಯೋಗಳಲ್ಲಿಯೂ ಹೇಳುವುದು ವಾಡಿಕೆಯಾಗಿದೆ. ಮಸೂರ ಏನೂ ಆಗುವುದಿಲ್ಲ. ಗಾಜು, ಸಂಗಮದೂರ, ಬಿಂಬದ ಗಾತ್ರ ಎಲ್ಲವೂ ಇದ್ದಂತೆಯೇ ಇರುತ್ತವೆ. ಮಸೂರ ತನ್ನ ಹಿಂದೆ ದುಂಡಗಿನ ಬೆಳಕಿನ ಬಿಂಬವೊಂದನ್ನು ಮೂಡಿಸುತ್ತದೆ. ದೊಡ್ಡ ಸೆನ್ಸರ್ ಆ ವೃತ್ತದ ದೊಡ್ಡ ಆಯತವನ್ನು ಕತ್ತರಿಸಿಕೊಳ್ಳುತ್ತದೆ, ಚಿಕ್ಕ ಸೆನ್ಸರ್ ನಡುವಿನ ಚಿಕ್ಕ ಆಯತವನ್ನು. ಫುಲ್ ಫ್ರೇಮಿನ ಮೇಲೆ 75 ಮಿ.ಮೀ. ಮಸೂರ ಹಾಕಿದ್ದರೆ ಎಷ್ಟು ದೃಶ್ಯ ಸಿಗುತ್ತಿತ್ತೋ ಅಷ್ಟೇ ದೃಶ್ಯ ಈ ಚಿಕ್ಕ ಆಯತದಲ್ಲಿ ಸಿಗುತ್ತದೆ ಎಂಬುದು ಸರಿಯಾದ ಹೇಳಿಕೆ. ಚಿಕ್ಕ ಸೆನ್ಸರಿಗಾಗಿಯೇ ತಯಾರಾದ ಮಸೂರದ ಮೇಲಿನ ಅಂಕಿಗಳನ್ನು ಮೊದಲೇ ಪರಿವರ್ತಿಸಿ ಬರೆದಿರುತ್ತಾರೆ ಎಂಬ ನಂಬಿಕೆಯೂ ತಪ್ಪು. ಕ್ಯಾಮೆರಾದೊಡನೆ ಬರುವ 18–55 ಮಸೂರದ 18 ನಿಜವಾದ 18 ಮಿ.ಮೀ.ಯೇ, 1.5 ಕ್ರಾಪ್ ಇರುವ ಕ್ಯಾಮೆರಾದಲ್ಲಿ ಆ ಮಸೂರದ ನೋಟ ಫುಲ್ ಫ್ರೇಮಿನ 27–82ಕ್ಕೆ ಸಮ. ಇದಕ್ಕೆ ತದ್ವಿರುದ್ಧವಾದ ರೂಢಿ ಮೊಬೈಲ್ ಫೋನಿನದು: ಅದರ ಮುಖ್ಯ ಕ್ಯಾಮೆರಾಕ್ಕೆ 24 ಅಥವಾ 26 ಮಿ.ಮೀ. ಎಂದು ಬರೆದಿರುವುದು ಪರಿವರ್ತಿಸಿದ ಅಂಕಿ, ಒಳಗಿನ ಮಸೂರದ ನಿಜವಾದ ಸಂಗಮದೂರ ಸಾಮಾನ್ಯವಾಗಿ 5ರಿಂದ 7 ಮಿ.ಮೀ.ಗಳಷ್ಟು ಮಾತ್ರ.

36 × 24 ಎಂಬ ಅಳತೆಯೇ ಪೂರ್ಣ, ಉಳಿದದ್ದೆಲ್ಲ ಅದರ ತುಂಡು ಎಂಬ ಭಾವನೆ ಎಲ್ಲಿಂದ ಬಂದಿತು ಎಂದು ಹುಡುಕಿದರೆ ದಾರಿ ಕೊಲ್ಹಾಪುರದ ಮೂಲಕವೇ ಹಾಯುತ್ತದೆ. ಬಾಬುರಾವ್ ಮೇಸ್ತ್ರಿ, ಜನ ಕರೆದ ಹೆಸರಿನಲ್ಲಿ ಬಾಬುರಾವ್ ಪೇಂಟರ್ (1890–1954), ತಮ್ಮ ಬಂಧು ಆನಂದರಾವ್ ಅವರೊಡನೆ ಆರಂಭಿಸಿದ ಪ್ರಯತ್ನವನ್ನು 1916ರಲ್ಲಿ ಅವರು ತೀರಿಕೊಂಡ ಬಳಿಕವೂ ಬಿಡದೆ, 1918ರ ಹೊತ್ತಿಗೆ ಕೊಲ್ಹಾಪುರದಲ್ಲಿಯೇ ಚಲನಚಿತ್ರದ ಕ್ಯಾಮೆರಾವೊಂದನ್ನು ಕೈಯಾರೆ ನಿರ್ಮಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ, 1920ರಲ್ಲಿ ಸೈರಂಧ್ರಿ ಚಿತ್ರವನ್ನು ತೆರೆಗೆ ತಂದರು. ಮುಂದೆ 1929ರಲ್ಲಿ ಇದೇ ಊರಿನಲ್ಲಿ ಪ್ರಭಾತ್ ಕಂಪನಿಯನ್ನು ಸ್ಥಾಪಿಸಿದ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು ಪಳಗಿದ್ದು ಅವರ ಕೈಕೆಳಗೆ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ಸತಿ ಸುಲೋಚನ, ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದನ್ನು ಇಲ್ಲಿಯೇ ನೆನೆಯಬೇಕು. ಆ ಕಾಲದ ಚಿತ್ರೋದ್ಯಮದ ಫಿಲ್ಮು 35 ಮಿ.ಮೀ. ಅಗಲದ ಪಟ್ಟಿ; ಎರಡೂ ಅಂಚಿನ ತೂತುಗಳಿಗೆ ಜಾಗ ಹೋಗಿ ನಡುವೆ ಸುಮಾರು 24 ಮಿ.ಮೀ. ಉಳಿಯುತ್ತಿತ್ತು, ಪಟ್ಟಿ ಮೇಲಿನಿಂದ ಕೆಳಕ್ಕೆ ಓಡುವಾಗ ನಾಲ್ಕು ತೂತುಗಳ ಎತ್ತರಕ್ಕೆ ಒಂದೊಂದು ಚಿತ್ರ ಮೂಡುತ್ತಿತ್ತು. ಹೀಗೆ ಮೂಕಿಚಿತ್ರದ ಚೌಕಟ್ಟು ಸುಮಾರು 24 × 18 ಮಿ.ಮೀ. ಆಗಿತ್ತು, ಮಾತು ಬಂದ ಮೇಲೆ ಧ್ವನಿಯ ಪಟ್ಟಿಗೂ ಅದೇ ಫಿಲ್ಮಿನ ಅಂಚಿನಲ್ಲಿ ಜಾಗ ಬಿಡಬೇಕಾಗಿ ಬಂದುದರಿಂದ, ಅಮೆರಿಕದಲ್ಲಿ 1932ರಲ್ಲಿ ನಿಶ್ಚಯವಾದ ಅಳತೆಯಂತೆ, ಅದು ಸುಮಾರು 22 × 16ಕ್ಕೆ ಇಳಿಯಿತು. ಇಂದಿನ ಎಪಿಎಸ್-ಸಿ ಸೆನ್ಸರಿನ ಅಳತೆಗೆ ಇವೆರಡೂ ಎಷ್ಟು ಹತ್ತಿರವಾಗಿವೆ ಎಂಬುದು ಮೇಲಿನ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಾನಾಗಿ ತೋರುತ್ತದೆ. ಚಲನಚಿತ್ರದವರಿಗೆ ಆ ಚಿಕ್ಕ ಚೌಕಟ್ಟೇ ಪೂರ್ಣವಾಗಿತ್ತು.

ಅದನ್ನು ದುಪ್ಪಟ್ಟು ಮಾಡಿದವರು ಜರ್ಮನಿಯ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್. 1913ರ ಸುಮಾರಿಗೆ ಅವರು ಚಲನಚಿತ್ರದ ಫಿಲ್ಮನ್ನೇ ಸ್ಥಿರಚಿತ್ರಕ್ಕೆ ಬಳಸುವ ಪುಟ್ಟ ಕ್ಯಾಮೆರಾವನ್ನು ಮಾಡಿದಾಗ, ಪಟ್ಟಿಯನ್ನು ಅಡ್ಡಡ್ಡವಾಗಿ ಓಡಿಸಿ, ನಾಲ್ಕರ ಬದಲು ಎಂಟು ತೂತುಗಳ ಉದ್ದವನ್ನು ಒಂದು ಚಿತ್ರಕ್ಕೆ ಕೊಟ್ಟರು. 18ರ ಇಮ್ಮಡಿ 36 ಆಯಿತು, 24 ಹಾಗೆಯೇ ಉಳಿಯಿತು. 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ಕ್ಯಾಮೆರಾದ ಯಶಸ್ಸಿನಿಂದಾಗಿ 36 × 24 ಸ್ಥಿರಚಿತ್ರಗಾರರ ಮಾನದಂಡವಾಗಿ ನಿಂತಿತು. ಎಪಿಎಸ್-ಸಿ ಎಂಬ ಹೆಸರೂ ಫಿಲ್ಮಿನಿಂದಲೇ ಬಂದಿದೆ: 1996ರಲ್ಲಿ ಹೊರಬಂದು ಬಹುಬೇಗ ಮರೆಯಾದ ಎಪಿಎಸ್ ಎಂಬ ಫಿಲ್ಮ್ ಪದ್ಧತಿಯ ಮೂರು ಅಳತೆಗಳಲ್ಲಿ ಒಂದು 25.1 × 16.7 ಮಿ.ಮೀ. ಆಗಿತ್ತು. ಡಿಜಿಟಲ್ ಯುಗದ ಆರಂಭದಲ್ಲಿ ದೊಡ್ಡ ಸಿಲಿಕಾನ್ ಬಿಲ್ಲೆಗಳು ವಿಪರೀತ ದುಬಾರಿಯಾಗಿದ್ದವು, ಏಕೆಂದರೆ ಒಂದು ಸಿಲಿಕಾನ್ ತಟ್ಟೆಯಿಂದ ದೊಡ್ಡ ಬಿಲ್ಲೆಗಳು ಕೆಲವೇ ಸಿಗುತ್ತವೆ, ಬಿಲ್ಲೆ ದೊಡ್ಡದಾದಷ್ಟೂ ಅದರಲ್ಲಿ ದೋಷವೊಂದು ಸೇರಿಕೊಳ್ಳುವ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ನಿಕಾನ್ 1999ರಲ್ಲಿ ತಂದ ಡಿ1 ಚಿಕ್ಕ ಸೆನ್ಸರಿನದ್ದಾಯಿತು. ಕೆನಾನ್ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾವನ್ನು ತಂದದ್ದು 2002ರಲ್ಲಿ, ನಿಕಾನ್ 2007ರಲ್ಲಿ. ನಡುವಿನ ವರ್ಷಗಳಲ್ಲಿ ಫಿಲ್ಮ್ ಕಾಲದ ಮಸೂರಗಳನ್ನು ಹೊಸ ಕ್ಯಾಮೆರಾಗಳಿಗೆ ಸಿಕ್ಕಿಸಿದವರಿಗೆ ತಮ್ಮ ಪರಿಚಿತ ನೋಟದ ಅಂಚು ಕತ್ತರಿಸಿಹೋದಂತೆ ಕಂಡಿತು. ಕ್ರಾಪ್ ಎಂಬ ಮಾತು ರೂಢಿಯಾದದ್ದು ಆಗ. ಅದು ಹೋಲಿಕೆಯಿಂದ ಹುಟ್ಟಿದ ಮಾತೇ ಹೊರತು ಸೆನ್ಸರಿನ ಕೊರತೆಯನ್ನು ಹೇಳುವ ಮಾತಲ್ಲ, ಮತ್ತು ಇಂದು ಮೊದಲ ಕ್ಯಾಮೆರಾ ಕೊಳ್ಳುವ ಯುವಕನಿಗೋ ಯುವತಿಗೋ ಆ ಹಳೆಯ ಹೋಲಿಕೆಯ ಹೊರೆ ಅನಗತ್ಯ.

ಆದರೂ ಒಂದು ಕಡೆ ಆ ಹೋಲಿಕೆ ನಿಜವಾದ ನಷ್ಟವನ್ನು ಉಂಟುಮಾಡುತ್ತಿದೆ. ಮೊದಲ ಸ್ಥಿರ ಮಸೂರವಾಗಿ, ಎಂದರೆ ಜೂಮ್ ಇಲ್ಲದ ಮಸೂರವಾಗಿ, 50 ಮಿ.ಮೀ. ಕೊಳ್ಳಬೇಕು ಎಂಬ ಉಪದೇಶ ತಲೆಮಾರುಗಳಿಂದ ಬಂದಿದೆ. ಅದು ಅಗ್ಗ, ಹಗುರ, ಮಂದ ಬೆಳಕಿನಲ್ಲಿಯೂ ಕೆಲಸ ಮಾಡುತ್ತದೆ ಎಂಬ ಕಾರಣಗಳು ಸರಿಯಾದವೇ. ಆದರೆ ಆ ಉಪದೇಶ ಹುಟ್ಟಿದ್ದು 36 ಮಿ.ಮೀ. ಅಗಲದ ಚೌಕಟ್ಟಿನ ಸುತ್ತ, ಅಲ್ಲಿ ಈ ಮಸೂರದ ಅಡ್ಡಗಲದ ನೋಟ ಸುಮಾರು 40 ಡಿಗ್ರಿ. ಎಪಿಎಸ್-ಸಿಯಲ್ಲಿ ಅದು ಸುಮಾರು 26 ಡಿಗ್ರಿಗೆ ಕುಗ್ಗುತ್ತದೆ. ಮನೆಯ ಕೋಣೆಯಲ್ಲಿ 10 ಅಡಿ ದೂರ ನಿಂತರೆ ಫುಲ್ ಫ್ರೇಮಿನಲ್ಲಿ 7.2 ಅಡಿ ಅಗಲ ಕಾಣುವಲ್ಲಿ ಎಪಿಎಸ್-ಸಿಯಲ್ಲಿ 4.7 ಅಡಿ ಮಾತ್ರ ಕಾಣುತ್ತದೆ. ತೊಟ್ಟಿಲ ಸುತ್ತ ಕೂತ ನಾಲ್ವರನ್ನು ಅಷ್ಟರಲ್ಲಿ ಕೂಡಿಸುವುದು ಸಾಧ್ಯವಿಲ್ಲ, ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. 35 ಮಿ.ಮೀ. ಮಸೂರಕ್ಕೆ ಅದೇ ಜಾಗದಿಂದ 6.7 ಅಡಿ ಕಾಣುತ್ತದೆ. ಕ್ರಾಪ್ ಕ್ಯಾಮೆರಾ ಇರುವವರು ಮೊದಲು ಕೊಳ್ಳಬೇಕಾದದ್ದು 35 ಎಂಬ ಮಾತನ್ನು ಈ ಲೆಕ್ಕದ ಬಲದ ಮೇಲೆ ನಿಸ್ಸಂಕೋಚವಾಗಿ ಹೇಳಬಹುದು.

ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ಮಗ್ಗಗಳ ಎರಡು ಸಾಲುಗಳ ನಡುವೆ ಆಳು ಓಡಾಡುವಷ್ಟೇ ಜಾಗವಿರುವಾಗ, ನೇಕಾರನನ್ನೂ ಅವನ ಮುಂದೆ ಹರಡಿದ ಹಾಸನ್ನೂ ಒಟ್ಟಿಗೆ ತೋರಿಸಲು ಹಿಂದೆ ಸರಿಯುವ ಮಾತೇ ಇಲ್ಲ, 18 ಮಿ.ಮೀ. ಕೂಡ ಅಲ್ಲಿ ಸಾಲದೆ 10–20ರಂಥ ಅತಿವಿಶಾಲ ಮಸೂರ ಬೇಕಾಗಬಹುದು. ಗಡಹಿಂಗ್ಲಜದ ಮಂಗಲ ಕಾರ್ಯಾಲಯದ ವೇದಿಕೆಯಲ್ಲಿ 20 ಅಡಿ ಅಗಲಕ್ಕೆ ನಿಂತ ಬೀಗರ ಸಾಲನ್ನು ಎಪಿಎಸ್-ಸಿ ಕ್ಯಾಮೆರಾದಲ್ಲಿ ಹಿಡಿಯಲು 50 ಮಿ.ಮೀ. ಮಸೂರಕ್ಕೆ ಸುಮಾರು 43 ಅಡಿ, 35ಕ್ಕೆ 30 ಅಡಿ, 18ಕ್ಕೆ 15 ಅಡಿ ದೂರ ಬೇಕು. ಅಕ್ಷತೆಯ ಹೊತ್ತಿಗೆ 43 ಅಡಿ ಹಿಂದೆ ನಿಂತವರಿಗೆ ಕಾಣುವುದು ಜನರ ತಲೆಗಳು. ಹಾಗೆಂದು 15 ಅಡಿಗೆ ಬಂದು 18ರಲ್ಲಿ ತೆಗೆದರೆ ಸಾಲಿನ ಎರಡೂ ತುದಿಯವರ ಮೈ ಮುಖ ಅಡ್ಡಕ್ಕೆ ಹಿಗ್ಗಿದಂತಾಗುತ್ತದೆ, ಮತ್ತು ತುದಿಯಲ್ಲಿ ನಿಲ್ಲುವವರು ಸಾಮಾನ್ಯವಾಗಿ ಮನೆಯ ಹಿರಿಯರು. ಜಾಗವಿದ್ದರೆ 20 ಅಡಿಗೆ ಸರಿದು 24 ಮಿ.ಮೀ. ಬಳಸುವುದು ಮೇಲು.

ದೂರದ ವಸ್ತುಗಳ ವಿಷಯದಲ್ಲಿ ಚಿಕ್ಕ ಸೆನ್ಸರ್ ಲಾಭ ತರುತ್ತದೆ ಎಂಬ ಮಾತನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕು. ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಯ ಬದುವಿನಲ್ಲಿ 50 ಅಡಿ ದೂರ ಕೂತ, ಗೊರವಂಕದಷ್ಟು, ಎಂದರೆ ಸುಮಾರು 10 ಇಂಚು ಉದ್ದದ ಹಕ್ಕಿಯನ್ನು 300 ಮಿ.ಮೀ. ಮಸೂರದಿಂದ ತೆಗೆದರೆ ಅದರ ಬಿಂಬ ಸೆನ್ಸರಿನ ಮೇಲೆ 5 ಮಿ.ಮೀ. ಉದ್ದಕ್ಕೆ ಮೂಡುತ್ತದೆ. ಸೆನ್ಸರ್ ಯಾವುದೇ ಇರಲಿ, ಅದು 5 ಮಿ.ಮೀ.ಯೇ. ಫುಲ್ ಫ್ರೇಮಿನ ಅಗಲದಲ್ಲಿ ಅದು ಏಳನೆಯ ಒಂದು ಪಾಲು, ಎಪಿಎಸ್-ಸಿಯಲ್ಲಿ ಹತ್ತಿರಹತ್ತಿರ ಐದನೆಯ ಒಂದು ಪಾಲು. ಹಕ್ಕಿ ದೊಡ್ಡದಾಗಿ ಕಾಣುವುದು ಸುತ್ತಲ ಜಾಗ ಕಡಿಮೆಯಾದುದರಿಂದ. ನಿಜವಾದ ಲಾಭ ಬೇರೊಂದು ಕಡೆ ಇದೆ. ಎರಡೂ ಕ್ಯಾಮೆರಾಗಳು 24 ಮೆಗಾಪಿಕ್ಸೆಲ್‌ನವಾಗಿದ್ದರೆ, ಎರಡರಲ್ಲಿಯೂ ಅಡ್ಡಕ್ಕೆ ಸುಮಾರು 6000 ಪಿಕ್ಸೆಲ್‌ಗಳು, ಎಂದರೆ ಬೆಳಕನ್ನು ದಾಖಲಿಸುವ ಬಿಡಿ ಚುಕ್ಕೆಗಳು, ಇರುತ್ತವೆ. ಅವು 36 ಮಿ.ಮೀ.ನಲ್ಲಿ ಹರಡಿಕೊಂಡಾಗ ಆ 5 ಮಿ.ಮೀ. ಹಕ್ಕಿಯ ಪಾಲಿಗೆ ಸುಮಾರು 830, 23.5 ಮಿ.ಮೀ.ನಲ್ಲಿ ಒತ್ತಾಗಿ ಕೂತಾಗ ಸುಮಾರು 1280 ಬರುತ್ತವೆ. ಗರಿಯ ಎಳೆಗಳು ಹೆಚ್ಚು ಸ್ಪಷ್ಟವಾಗಿ ಬಿಡಿಸಿ ಬರುವುದು ಈ ಒತ್ತಿನಿಂದ. ಫುಲ್ ಫ್ರೇಮ್ ಕ್ಯಾಮೆರಾವೇ 45 ಮೆಗಾಪಿಕ್ಸೆಲ್‌ನದ್ದಾಗಿದ್ದರೆ, ಅದರ ಚಿತ್ರದ ನಡುಭಾಗವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದ ಮೇಲೂ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ. ಆಗ ಚಿಕ್ಕ ಸೆನ್ಸರಿನ ಮೇಲುಗೈ ಬಹುಮಟ್ಟಿಗೆ ಮಾಯವಾಗುತ್ತದೆ, ಬೆಲೆಯಲ್ಲಿ ಮಾತ್ರ ಉಳಿಯುತ್ತದೆ. ಬೆಲೆ ಸಣ್ಣ ಸಂಗತಿಯಲ್ಲ: ರಾಧಾನಗರಿಯ ಕಾಡಿನಲ್ಲಿ ಕಾಡುಕೋಣವನ್ನು ದೂರದಿಂದ ಹಿಡಿಯಬಯಸುವ ಹವ್ಯಾಸಿಗೆ ಕ್ರಾಪ್ ಕ್ಯಾಮೆರಾ ಮತ್ತು 70–300 ಮಸೂರದ ಜೋಡಿ, ಫುಲ್ ಫ್ರೇಮಿನ ಮೇಲೆ 450 ಮಿ.ಮೀ. ಕೊಡುವ ನೋಟವನ್ನು ಬಹಳ ಕಡಿಮೆ ಹಣದಲ್ಲಿಯೂ ಕಡಿಮೆ ಭಾರದಲ್ಲಿಯೂ ಕೊಡುತ್ತದೆ.

ಮುಖಚಿತ್ರದಲ್ಲಿ ಇನ್ನೊಂದು ತಿಳಿವಳಿಕೆ ಬೇಕು. ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುವುದಕ್ಕೆ ಮಸೂರ ಕಾರಣವಲ್ಲ, ನಿಂತ ದೂರ ಕಾರಣ. 50 ಮಿ.ಮೀ. ಮಸೂರದಿಂದ ಫುಲ್ ಫ್ರೇಮಿನಲ್ಲಿ 4 ಅಡಿಗೆ ನಿಂತು ತೆಗೆದಷ್ಟೇ ಮುಖವನ್ನು ಎಪಿಎಸ್-ಸಿಯಲ್ಲಿ ತುಂಬಿಕೊಳ್ಳಲು ಸುಮಾರು 6 ಅಡಿಗೆ ಸರಿಯಬೇಕಾಗುತ್ತದೆ. ಸರಿದದ್ದರಿಂದಲೇ ಮುಖದ ಪ್ರಮಾಣ ಹದವಾಗುತ್ತದೆ. ಕೋಣೆಯಲ್ಲಿ ಇಕ್ಕಟ್ಟು ತರುವ ಅದೇ 50, ಅಂಗಳದಲ್ಲಿ ಅಜ್ಜಿಯ ಮುಖಕ್ಕೆ ಅತ್ಯುತ್ತಮ ಮಸೂರವಾಗುವುದು ಹೀಗೆ.

ಬೆಳಕಿನ ವಿಷಯಕ್ಕೆ ಬಂದರೆ, ಎಫ್/1.8 ಎಂದು ಬರೆದಿರುವ ಅಪರ್ಚರ್, ಎಂದರೆ ಮಸೂರದೊಳಗಿನ ಬೆಳಕಿನ ಕಂಡಿಯ ಅಳತೆ, ಯಾವ ಸೆನ್ಸರಿನ ಮೇಲಾದರೂ ಅದೇ ಎಕ್ಸ್‌ಪೋಷರನ್ನು ಕೊಡುತ್ತದೆ, ಏಕೆಂದರೆ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬೆಳಕು ಬದಲಾಗುವುದಿಲ್ಲ. ಬದಲಾಗುವುದು ಒಟ್ಟು ಬೆಳಕು: ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ., ಎಪಿಎಸ್-ಸಿಯದು ಸುಮಾರು 367. ಆದ್ದರಿಂದ ದೀಪದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಚಿಕ್ಕ ಸೆನ್ಸರಿನ ಚುಕ್ಕೆಚುಕ್ಕೆ ತುಸು ಬೇಗ ತೋರುತ್ತದೆ. ಹಿನ್ನೆಲೆ ಮಸುಕಾಗುವ ಪ್ರಮಾಣವೂ ಕಡಿಮೆ. ಎಪಿಎಸ್-ಸಿಯ ಮೇಲಿನ 35 ಮಿ.ಮೀ. ಎಫ್/1.8 ಮಸೂರದ ಹಿನ್ನೆಲೆ, ಫುಲ್ ಫ್ರೇಮಿನ ಮೇಲೆ 52 ಮಿ.ಮೀ. ಮಸೂರವನ್ನು ಎಫ್/2.7ಕ್ಕೆ ಇಟ್ಟಂತೆ ಇರುತ್ತದೆ.

ಮಸೂರ ಕೊಳ್ಳುವಾಗ ಅದು ಎಷ್ಟು ದೊಡ್ಡ ಬಿಂಬವೃತ್ತಕ್ಕಾಗಿ ತಯಾರಾಗಿದೆ ಎಂಬುದನ್ನೂ ನೋಡಬೇಕು. ನಿಕಾನ್‌ನ ಡಿಎಕ್ಸ್, ಕೆನಾನ್‌ನ ಇಎಫ್-ಎಸ್ ಮತ್ತು ಆರ್‌ಎಫ್-ಎಸ್ ಎಂಬ ಗುರುತುಗಳು ಚಿಕ್ಕ ಸೆನ್ಸರಿನ ಮಸೂರಗಳನ್ನು ಸೂಚಿಸುತ್ತವೆ. ಡಿಎಕ್ಸ್ ಮಸೂರವನ್ನು ನಿಕಾನ್ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿದರೆ ಕ್ಯಾಮೆರಾ ತಾನೇ ನಡುಭಾಗವನ್ನು ಆಯ್ದುಕೊಳ್ಳುತ್ತದೆ. ಕೆನಾನ್ ಇಎಫ್-ಎಸ್ ಮಸೂರವಾದರೋ ಕನ್ನಡಿಯಿರುವ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಕೂರುವುದೇ ಇಲ್ಲ, ಏಕೆಂದರೆ ಅದರ ಹಿಂಭಾಗ ಹೆಚ್ಚು ಒಳಗೆ ಚಾಚಿಕೊಂಡಿರುತ್ತದೆ. ಫುಲ್ ಫ್ರೇಮಿನ ಮಸೂರವನ್ನು ಚಿಕ್ಕ ಸೆನ್ಸರಿಗೆ ಬಳಸುವುದರಲ್ಲಿ ತೊಂದರೆಯಿಲ್ಲ. ಬಿಂಬದ ನಡುಭಾಗ ಮಾತ್ರ ಬಳಕೆಯಾಗುವುದರಿಂದ ಅಂಚಿನ ಮಬ್ಬು, ಕತ್ತಲೆಗಳು ಹೊರಗೇ ಉಳಿಯುತ್ತವೆ. ಆದರೆ ಮುಂದೆಂದೋ ಫುಲ್ ಫ್ರೇಮಿಗೆ ಹೋಗಬಹುದು ಎಂಬ ಒಂದೇ ಕಾರಣಕ್ಕೆ 24–70ರಂಥ ಭಾರದ ಮಸೂರವನ್ನು ಕೊಂಡು, ಕ್ರಾಪ್ ಕ್ಯಾಮೆರಾದ ಮೇಲೆ ಅದರ 24 ಮಿ.ಮೀ. ತುದಿ 36ರಂತೆ ಇಕ್ಕಟ್ಟಾಗಿರುವುದನ್ನು ವರ್ಷಗಟ್ಟಲೆ ಸಹಿಸುವುದು ಒಳ್ಳೆಯ ಲೆಕ್ಕಾಚಾರವಲ್ಲ.

ಕೈಯಲ್ಲಿರುವ 18–55 ಮಸೂರವೇ ಮುಂದಿನ ಮಸೂರ ಯಾವುದಾಗಬೇಕೆಂಬುದಕ್ಕೆ ಉತ್ತರ ಕೊಡಬಲ್ಲದು. ಪ್ರತಿ ಚಿತ್ರದೊಡನೆ ಅದನ್ನು ಎಷ್ಟು ಮಿಲಿಮೀಟರಿಗೆ ತೆಗೆದದ್ದು ಎಂಬುದೂ ದಾಖಲಾಗಿರುತ್ತದೆ. ಕಳೆದ ಒಂದು ವರ್ಷದ ಚಿತ್ರಗಳಲ್ಲಿ ಮೆಚ್ಚುಗೆಯಾದ ನೂರನ್ನು ಆರಿಸಿ ಆ ಅಂಕಿಗಳನ್ನು ಕಾಗದದ ಮೇಲೆ ಸಾಲಾಗಿ ಬರೆದರೆ, ಹೆಚ್ಚಿನವು 18ರ ಬಳಿ ಒತ್ತಿಕೊಂಡಿವೆಯೋ, 35ರ ಸುತ್ತ ಇವೆಯೋ, 55ಕ್ಕೆ ಹೋಗಿ ನಿಂತಿವೆಯೋ ಕಾಣುತ್ತದೆ. ಇನ್ನೂ ಸಂದೇಹ ಉಳಿದರೆ ಮಸೂರದ ಜೂಮ್ ಬಳೆಯನ್ನು 35ಕ್ಕೆ ತಿರುಗಿಸಿ, ಅಂಟುಪಟ್ಟಿಯಿಂದ ಬಿಗಿದು, ಒಂದು ದಿನ ಖಿದ್ರಾಪುರದ ಸ್ವರ್ಗಮಂಟಪದ ಕಂಬಗಳ ನಡುವೆಯೂ ಹೊರಗೋಡೆಯ ಆನೆಗಳ ಸಾಲಿನ ಮುಂದೆಯೂ ಓಡಾಡಿ, ಮರುದಿನ ಅದೇ ಜಾಗದಲ್ಲಿ 50ಕ್ಕೆ ಬಿಗಿದು ನೋಡಬಹುದು.